ವೆಬ್‌ಪುಟಕ್ಕೆ ಸೀಟಿ ಊದಿದ್ದು

ಮೂವತ್ತು ವರ್ಷ ತಿಪಟೂರಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ನನಗೆ ಸೆಕೆಂಡು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದ್ದರಿಂದ ತಂಗಿಯ ಮಗಳು ಸುಮಾಳ ವೆಬ್‌ಪುಟ ಪರೀಕ್ಷಿಸುವ ಘನ ಜವಾಬ್ದಾರಿಯನ್ನು ನಾನೇ ಮೈಮೇಲೆ ಹಾಕಿಕೊಂಡೆ.

ಅದು ನಮ್ಮ ತೆಂಗು ಬೆಳೆಗಾರರ ಸಂಘದ ಪುಟ. ಹೆಸರು, ತೋಟ, ದಿನ ತುಂಬಿ ಬಟನ್ ಒತ್ತಿದರೆ ಕಾಯಿ ಕೀಳುವವನೊಬ್ಬನ ಮೊಬೈಲಿಗೆ ಸಂದೇಶ ಹೋಗುತ್ತದೆ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲಿ ಎಂದು ವರ್ಷ ಕಾಯುವ ಜನ ನಾವು. ಆದರೂ ಅಧ್ಯಕ್ಷ ಬಸವರಾಜಪ್ಪನವರ ಷರತ್ತು ಕಠಿಣವಾಗಿತ್ತು: "ಮೂರು ಸೆಕೆಂಡಲ್ಲಿ ಉತ್ತರ ಬರ್ಬೇಕು. ಇಲ್ಲಾಂದ್ರೆ ಹಳೇ ರಿಜಿಸ್ಟ್ರೇ ಸಾಕು!"

ಸುಮಾ ಆರು ತಿಂಗಳು ಕಷ್ಟಪಟ್ಟಿದ್ದಳು.

"ತುಂಬಾ ಜನ ಒಟ್ಟಿಗೆ ಒತ್ತಿದಾಗ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಅಳೀಬೇಕು ಮಾವ. ಅದಕ್ಕೆ ಸಾಫ್ಟ್‌ವೇರ್ ಇದೆ."

"ಸಾಫ್ಟ್‌ವೇರ್ ಯಾಕಮ್ಮ? ನಾನಿಲ್ವಾ!"

ಭಾನುವಾರ ಸಂಘದ ಜಗುಲಿಯ ಮೇಲೆ ಇಪ್ಪತ್ತೈದು ಸದಸ್ಯರನ್ನು ಮೊಬೈಲ್ ಸಮೇತ ಸಾಲಾಗಿ ನಿಲ್ಲಿಸಿದೆ. ಏನು ತುಂಬಬೇಕೆಂದು ಕಪ್ಪುಹಲಗೆಯ ಮೇಲೆ ಮಾದರಿ ಬರೆದು, ಹಾಗೇ ತುಂಬಿಸಿದೆ. ಉತ್ತರದ ಪುಟ ಬಂದವರು ಕೈ ಎತ್ತಬೇಕೆಂದು ಆಜ್ಞಾಪಿಸಿದೆ. ಸ್ಟಾಪ್‌ವಾಚ್ ಹಿಡಿದು ಸೀಟಿ ಊದಿದೆ. ಎಲ್ಲರೂ ಒತ್ತಿದರು!

ಟಪಟಪನೆ ಇಪ್ಪತ್ನಾಲ್ಕು ಕೈ ಎದ್ದವು. ಇಪ್ಪತ್ತೈದನೆಯದು ಏಳಲಿಲ್ಲ. ನಾನು ವಾಚಿನ ಮೇಲೇ ಕಣ್ಣಿಟ್ಟು ಕಾದೆ. ಕೊನೆಗೆ ನಂಜಪ್ಪನವರ ಕೈ ಎದ್ದಿತು. ವಾಚು ಒತ್ತಿ, ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ:

"ನಾಲ್ಕು ನಿಮಿಷ ಹನ್ನೆರಡು ಸೆಕೆಂಡು!"

ಅಧ್ಯಕ್ಷರ ಕೈ ರಿಜಿಸ್ಟರಿನತ್ತ ಹೋಯಿತು. ಸುಮಾಳ ಮುಖ ಬಾಡಿತು.

"ಅಯ್ಯೋ, ಪೇಜು ಆಗ್ಲೇ ಬಂದಿತ್ತು ಕಣ್ರೀ ಮೇಷ್ಟ್ರೇ," ಎಂದರು ನಂಜಪ್ಪ. "ಎದುರುಗಡೆ ಮನೆಗೋಗಿ ಕನ್ನಡಕ ತಂದು, ಪೂರ್ತಿ ಓದ್ಬುಟ್ಟು ಕೈ ಎತ್ತಿದೆ. ಓದ್ದೆ ಹೆಂಗೆ ಎತ್ತದು?"

ಸುಮಾ ಲ್ಯಾಪ್‌ಟಾಪ್ ತೋರಿಸಿದಳು. ಇಪ್ಪತ್ತೈದು ಜನಕ್ಕೂ ಎರಡು ಸೆಕೆಂಡಿನೊಳಗೆ ಉತ್ತರ ಹೋಗಿತ್ತು. ಆದರೆ ಅಧ್ಯಕ್ಷರು ನನ್ನ ಹಳೆಯ ಶಿಷ್ಯರು. "ಮೇಷ್ಟ್ರ ವಾಚು ಸುಳ್ಳು ಹೇಳಲ್ಲ ಕಣಮ್ಮ. ನಾಳೆ ಬೆಳಿಗ್ಗೆ ತೀರ್ಮಾನ ಮಾಡಣ ಬುಡು," ಎಂದು ಎದ್ದೇಬಿಟ್ಟರು. ನನ್ನ ಮೇಲೆ ಇಷ್ಟು ಗೌರವವಿದ್ದದ್ದಕ್ಕೆ ಮೊದಲ ಸಲ ಬೇಸರವಾಯಿತು.

ಮರುದಿನ ಬೆಳಿಗ್ಗೆ ಹೆಂಡತಿ ಶಾರದೆ ಬಾಗಿಲಿನಿಂದಲೇ ಕೂಗಿದಳು. "ಅಲ್ಲಾ ಕಣ್ರೀ, ಹೋದ ವಾರ ತಾನೆ ಕಾಯಿ ಕೀಳ್ಸಿದ್ರಿ. ಇವ್ರೆಲ್ಲಾ ಯಾರು?"

ಗೇಟಿನಾಚೆ ಕುಡುಗೋಲು, ಹಗ್ಗ ಹಿಡಿದ ಇಪ್ಪತ್ತೈದು ಜನ! ನಮ್ಮ ತೋಟದಲ್ಲಿರುವುದು ಹತ್ತೊಂಬತ್ತು ಮರ.

ಸುಮಾ ಓಡಿಬಂದಳು. "ಮಾವ, ಮಾದರೀಲಿ ಯಾರ ಹೆಸರು ಬರೆದ್ರಿ?"

"ನನ್ನದೇ. ನನ್ನ ತೋಟ, ನಾಳೆ ಬೆಳಿಗ್ಗೆ."

"ಸುಳ್ಳು ಹೆಸರು ಹಾಕಿ ಅಂದಿದ್ನಲ್ಲ!"

"ಮೂವತ್ತು ವರ್ಷ ಕಪ್ಪುಹಲಗೆ ಮೇಲೆ ನಾನು ಸುಳ್ಳು ಬರೆದಿಲ್ಲ ಕಣಮ್ಮ!"

ಅಷ್ಟರಲ್ಲಿ ಅಧ್ಯಕ್ಷರು ಬಂದರು. ತಲೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮುಖ ಅರಳಿತು. "ಇಪ್ಪತ್ತೈದೂ ಜನ ಬಂದವ್ರೆ! ರಿಜಿಸ್ಟ್ರಲ್ಲಿ ಬರೆದ್ರೆ ಎರಡು ದಿನ ಆದ್ರೂ ಒಬ್ಬ ಬತ್ತಿರ್ಲಿಲ್ಲ. ಸುಮಾ, ಇವತ್ತೇ ಶುರು ಮಾಡು!"

ಸುಮಾ ಕುಣಿದಾಡಿದಳು. ಬಂದವರೂ ನಗುತ್ತಾ ಜಗುಲಿಯಲ್ಲಿ ಕೂತರು. ನಾನು ಇದೆಲ್ಲವೂ ನನ್ನ ಯೋಜನೆಯೇ ಎಂಬಂತೆ ಗಂಭೀರವಾಗಿ ತಲೆಯಾಡಿಸಿದೆ.

ಶಾರದೆ ಗೂಟದಲ್ಲಿದ್ದ ಸ್ಟಾಪ್‌ವಾಚ್ ತೆಗೆದುಕೊಂಡಳು. "ಇಷ್ಟು ಜನಕ್ಕೆ ಕಾಫಿ ಆಗ್ಬೇಕು. ಹಾಲು ತರೋಕೆ ಹೊರಡಿ, ನಿಮ್ಮ ಸ್ಪೀಡೂ ನೋಡೇಬಿಡಣ," ಎಂದು ಒತ್ತಿಯೇಬಿಟ್ಟಳು.

ಚೊಂಬು ಹುಡುಕಿದೆ. ಚಪ್ಪಲಿ ಹುಡುಕಿದೆ. ಕನ್ನಡಕ ಹುಡುಕಿದೆ, ಅದು ಮೂಗಿನ ಮೇಲೇ ಇತ್ತು. ಗೇಟು ದಾಟುವಾಗ ಹಿಂದಿನಿಂದ ಘೋಷಣೆ ಕೇಳಿಸಿತು:

"ಆರು ನಿಮಿಷ ನಲವತ್ತು ಸೆಕೆಂಡು!"

ನಂಜಪ್ಪನವರೇ ಎಷ್ಟೋ ವಾಸಿ.