ಇಟ್ಟಿಗೆ ಆಟದ ಕಂಪನಿ, ಸೊರಬ ಬ್ರಾಂಚು ಸಹಿತ

ವ್ಯಾಪಾರದಲ್ಲಿ ಕೈಸುಟ್ಟುಕೊಂಡವರು ಸಾಮಾನ್ಯವಾಗಿ ಕಾಲವನ್ನು ಬೈಯುತ್ತಾರೆ. ನನಗೆ ಆ ಸವಲತ್ತೂ ಇಲ್ಲ, ಯಾಕೆಂದರೆ ಕಾಲವೆಂಬುದು ನನ್ನ ಅಂಗಡಿಯ ಗೋಡೆಯ ತುಂಬ ನೇತಾಡುತ್ತಿತ್ತು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ತೊಂಬತ್ತರ ದಶಕದ ನಡುವಿನ ಮಾತು. ಸೆಲ್ಲಿನ ಗಡಿಯಾರಗಳು ಬಂದು, ಕೀಲಿ ಕೊಡುವ ಗಡಿಯಾರಗಳೆಲ್ಲ ಅಟ್ಟ ಸೇರುತ್ತಿದ್ದ ಕಾಲ. ಸೆಲ್ಲಿನದು ಕೆಟ್ಟರೆ ಜನ ರಿಪೇರಿಗೆ ಕೊಡದೆ ಹೊಸದನ್ನೇ ತರುತ್ತಿದ್ದರು. ನಾನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಿನಲ್ಲಿ ರಸ್ತೆ ನೋಡುತ್ತ ಕೂತಿರುತ್ತಿದ್ದೆ. ಭೂತಗನ್ನಡಿ ಯಾಕೆಂದರೆ, ಹಾದುಹೋಗುವವರಿಗೆ ಅಂಗಡಿಯಲ್ಲಿ ಕೆಲಸವಿದೆ ಅಂತ ಕಾಣಬೇಕಲ್ಲ. ಇಷ್ಟು ಪುರಸೊತ್ತಿರುವ ಮನುಷ್ಯನಿಗೆ ಒಂದು ಐಡಿಯಾ ಹೊಳೆಯದೆ ಇದ್ದೀತೆ?

ಐಡಿಯಾ ಹೊಳೆದದ್ದು ದಾವಣಗೆರೆಯಲ್ಲಿ. ನಾನು ಅಲ್ಲಿಗೆ ಹೋದದ್ದು ಗ್ರೈಂಡರ್ ತರಲಿಕ್ಕೆ. ನನ್ನ ಹೆಂಡತಿ ಗಿರಿಜಾ ಎರಡು ವರ್ಷ ಓಣಿಯ ಹೆಂಗಸರ ಜೊತೆ ಚೀಟಿ ಕಟ್ಟಿ, ಎತ್ತಿದ ದುಡ್ಡನ್ನು ಸೆರಗಿನ ತುದಿಯಿಂದ ಬಿಚ್ಚಿ ನನ್ನ ಕೈಯಲ್ಲಿಟ್ಟಿದ್ದಳು. ಒರಳುಕಲ್ಲು ತಿರುಗಿಸಿ ತಿರುಗಿಸಿ ಅವಳ ಬಲಭುಜ ಎಡಭುಜದ ಮಾತು ಕೇಳುತ್ತಿರಲಿಲ್ಲ. ಗ್ರೈಂಡರ್ ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ಆಟಿಕೆ ಅಂಗಡಿ. ಅಲ್ಲಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ಯಂತ್ರ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಅದರ ಪುಟ್ಟ ಪರದೆಯಲ್ಲಿ ಮೇಲಿಂದ ಇಟ್ಟಿಗೆಗಳು ಬೀಳುತ್ತವೆ, ಗುಂಡಿ ಒತ್ತಿ ಅವನ್ನು ಸಂದಿಲ್ಲದಂತೆ ಜೋಡಿಸಬೇಕು. ಸುಮ್ಮನೆ ನೋಡೋಣ ಅಂತ ಕೈಗೆ ತೆಗೆದುಕೊಂಡೆ. ತಲೆ ಎತ್ತಿದಾಗ ನಮ್ಮೂರಿನ ಎರಡು ಬಸ್ಸು ಹೋಗಿದ್ದವು. ನನ್ನಂಥ ನಿರ್ಲಿಪ್ತನಿಗೇ ಎರಡು ಬಸ್ಸು ತಪ್ಪಿಸಿದ ಸಾಮಾನು, ಬಸ್ಸಿಗಾಗಿ ಕಾದು ಕೂತವರನ್ನು ಬಿಟ್ಟೀತೆ? ಬಾಡಿಗೆಗೆ ಕೊಟ್ಟರೆ ಬಂಗಾರದ ಗಣಿ! ಗ್ರೈಂಡರಿನ ದುಡ್ಡಿಗೆ ಹತ್ತು ಯಂತ್ರ ಬಂದವು.

ಮನೆ ಬಾಗಿಲಲ್ಲಿ ಗಿರಿಜಾ ನನ್ನ ಕೈಯಲ್ಲಿದ್ದ ಚೀಲ ನೋಡಿದಳು, ಬೆನ್ನ ಹಿಂದೆ ಹಮಾಲ ಯಾರಾದರೂ ಬರುತ್ತಿದ್ದಾನೇನೋ ಅಂತ ನೋಡಿದಳು.

"ಗ್ರೈಂಡರ್ ಎಲ್ರೀ?"

"ಗ್ರೈಂಡರ್ ಈ ಚೀಲದೊಳಗೇ ಇದೆ ಅಂತ ತಿಳ್ಕೋ. ದೀಪಾವಳಿ ಹೊತ್ತಿಗೆ ಒಂದಲ್ಲ, ಎರಡು ತರ್ತೀನಿ."

"ಎರಡು ಯಾಕ್ರೀ? ಒಂದರಾಗೆ ಹಿಟ್ಟು ರುಬ್ಬಿ, ಇನ್ನೊಂದರಾಗೆ ನಿಮ್ಮನ್ನ ರುಬ್ಬಲೇನು?" ಎಂದಳು. ಸ್ವಲ್ಪ ಹೊತ್ತು ಯಂತ್ರಗಳನ್ನು ತಿರುವಿ ಮುರುವಿ ನೋಡಿ, ಅಳಲಿಲ್ಲ, ಕೂಗಲಿಲ್ಲ. "ಆಯ್ತು. ದೀಪಾವಳಿ ತನಕ ಟೈಮ್ ಕೊಟ್ಟೀನಿ. ಅಲ್ಲೀವರೆಗೂ ಒರಳು ನಿಮ್ಮದು" ಎಂದು ಒಳಗೆ ಹೋದಳು. ಅವಳು ಅತ್ತಿದ್ದರೇ ಚೆನ್ನಾಗಿತ್ತು.

ಹೀಗೆ ಶಿಕಾರಿಪುರದಲ್ಲಿ ಹೆಡ್ ಆಫೀಸು, ಸೊರಬದಲ್ಲಿ ಬ್ರಾಂಚು ಇರುವ ನಮ್ಮ ಕಂಪನಿ ಶುರುವಾಯಿತು. ಸೊರಬದಲ್ಲಿ ನನ್ನ ಷಡ್ಡಕ ರುದ್ರಪ್ಪಣ್ಣ, ಅಂದರೆ ಗಿರಿಜಾಳ ಅಕ್ಕನ ಗಂಡ, ಹಿಟ್ಟಿನ ಗಿರಣಿ ಇಟ್ಟಿದ್ದ. ಗಿರಣಿಯಲ್ಲಿ ಪಾಳಿ ಕಾಯುವ ಜನಕ್ಕೆ ಬೇರೆ ಕಸುಬಿಲ್ಲ, ಒಳ್ಳೇ ಜಾಗ ಅಂತ ಐದು ಯಂತ್ರ ಅವನಿಗೆ ಕಳಿಸಿದೆ. ಐದು ನನ್ನ ಅಂಗಡಿಯಲ್ಲಿ. ಗಂಟೆಗಿಷ್ಟು ಅಂತ ಬಾಡಿಗೆ.

ಗಂಟೆಯ ಲೆಕ್ಕದ ಬಾಡಿಗೆಯನ್ನು ಯಾರು ಬೇಕಾದರೂ ಮಾಡಬಹುದು, ಗಡಿಯಾರ ರಿಪೇರಿಯವನು ಮಾತ್ರ ಮಾಡಬಾರದು. ನನ್ನ ಗೋಡೆಯ ಮೇಲೆ ಹದಿನೇಳು ಗಡಿಯಾರ, ಹದಿನೇಳು ಟೈಮು. ಗಿರಾಕಿಗಳು ತಮ್ಮ ಅನುಕೂಲದ ಗಡಿಯಾರ ಆರಿಸಿಕೊಳ್ಳತೊಡಗಿದರು. ತೊಗರ್ಸಿಯ ಗೌಡರೊಬ್ಬರು ಬೆಳಿಗ್ಗೆ ಬಂದು ಕೂತವರು ಮಧ್ಯಾಹ್ನ ಊಟದ ಹೊತ್ತಾದರೂ ಏಳಲಿಲ್ಲ. ಮೆಲ್ಲಗೆ ಬಾಡಿಗೆಯ ಮಾತೆತ್ತಿದೆ.

"ಈಗ ಕುಂತೀನಲ್ರೀ! ಕುಂದ್ರುವಾಗ ಆ ಮೂಲಿ ಗಡಿಯಾರದಾಗ ಹತ್ತೂವರೆ. ಈಗೂ ಹತ್ತೂವರೆನ ಐತಿ, ನೀವ ನೋಡ್ರಿ."

"ಗೌಡ್ರೇ, ಅದು ನಿಂತ ಗಡಿಯಾರ."

"ನಿಂತೈತೇನು? ಅದು ನಮ್ಮ ಬೀಗರ ಗಡಿಯಾರ. ಮೂರು ತಿಂಗಳಾತು ನಿಮ್ಮ ಕಡೆ ಕೊಟ್ಟು. ರಿಪೇರಿ ಆಗೇತಿ ಅಂತ ಮೊನ್ನೆನ ಹೇಳಿದ್ರಂತಲ್ಲ?"

ಹೌದು, ಹೇಳಿದ್ದೆ. ಏನು ಮಾಡಲಿ, ಹತ್ತೂವರೆ ಅಂತಲೇ ಒಪ್ಪಿಕೊಂಡು, ಅವರಿಗೆ ಚಹಾ ತರಿಸಿದೆ. ಮಾರನೇ ವಾರ ಈಸೂರಿನ ಮೇಷ್ಟ್ರೊಬ್ಬರು ಆಡಿ ಎದ್ದು ಹೊರಟಾಗ ಕೈ ಚಾಚಿದೆ. ಅವರು ಆ ಕೈಯನ್ನು ಪ್ರೀತಿಯಿಂದ ಕುಲುಕಿ, "ನಮ್ಮೂರು ಬ್ರಿಟಿಷರಿಗೇ ಕಂದಾಯ ಕೊಟ್ಟಿಲ್ಲ ಕಣ್ರೀ" ಎಂದು ನಕ್ಕು ಬಸ್ಸು ಹತ್ತಿದರು. ಇತಿಹಾಸದ ಮುಂದೆ ಬಾಡಿಗೆ ಕೇಳುವುದು ಹೇಗೆ?

ಗಂಟೆಯ ಸಹವಾಸ ಬೇಡ ಅಂತ ದಿನಬಾಡಿಗೆಗೆ ಬದಲಾಯಿಸಿ, ಯಂತ್ರಗಳನ್ನು ರಟ್ಟಿನ ಡಬ್ಬಿಸಮೇತ ಮನೆಮನೆಗೆ ಕೊಡತೊಡಗಿದೆ. ಓಣಿಯ ಹೆಂಗಸರಲ್ಲಿ ಅದಕ್ಕೆ ಎಂಥ ಗಿರಾಕಿ ಅಂತೀರಿ! ಮಧ್ಯಾಹ್ನದ ಹೊತ್ತು ಯಾವ ಮನೆಯ ಮುಂದೆ ಹೋದರೂ ಅದರ ಪೀಂ ಪೀಂ ಸದ್ದು. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರಬೇಕು. ಇಸಕೊಂಡ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವಂತಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ರಟ್ಟಿನ ಡಬ್ಬಿಯೂ ಪಾತ್ರೆಯೇ ಅಂತ ಓಣಿ ತೀರ್ಮಾನಿಸಿತು. ಸಂಜೆ ಡಬ್ಬಿಗಳು ವಾಪಸು ಬಂದರೆ ಒಂದರಲ್ಲಿ ನಿಂಬೆಹಣ್ಣು, ಒಂದರಲ್ಲಿ ಹಿಡಿ ಅವರೆಕಾಳು, ಇನ್ನೊಂದರಲ್ಲಿ ಹಪ್ಪಳ. ಅಷ್ಟು ಕೊಟ್ಟವರ ಹತ್ತಿರ ಬಾಡಿಗೆ ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ? ಇನ್ನು ಗಿರಿಜಾ ಬಿಟ್ಟಾಳೆಯೇ, ಅವಳೂ ಡಬ್ಬಿಯನ್ನು ಬರಿದಾಗಿ ಕಳಿಸುತ್ತಿರಲಿಲ್ಲ. ಯಾರೋ ಒಂದು ಅಚ್ಚು ಬೆಲ್ಲ ಇಟ್ಟು ಕಳಿಸಿದ ಮೇಲೆ ಒಂದು ಯಂತ್ರದ ಗುಂಡಿಗಳು ಒತ್ತಿದರೆ ಮೇಲೆ ಬರುವುದನ್ನೇ ಬಿಟ್ಟವು. ಪರದೆಯಲ್ಲಿ ಹೊಸ ನಮೂನೆಯ ಇಟ್ಟಿಗೆಯೊಂದು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿದೆಯಲ್ಲ ಅಂತ ಬೆರಗಾಗಿ ನೋಡಿದರೆ, ಇರುವೆ.

ದೀಪಾವಳಿಗೆ ಇನ್ನು ಹತ್ತು ದಿನ. ನನ್ನ ಅಂಗೈಯಲ್ಲಿ ಒರಳಿನ ಗುಂಡು ಎಬ್ಬಿಸಿದ ಬೊಬ್ಬೆ, ಅಡುಗೆಮನೆಯಲ್ಲಿ ಒಂದು ಬುಟ್ಟಿ ನಿಂಬೆಹಣ್ಣು, ಇಷ್ಟೇ ಹೆಡ್ ಆಫೀಸಿನ ಸಾಧನೆ. ಇನ್ನು ಸೊರಬವೇ ಗತಿ. ಭಾನುವಾರ ಗಿರಿಜಾಳನ್ನೂ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಅವಳು ಒಂದೇ ಮಾತು ಕೇಳಿದಳು: "ಭಾವ ಏನಾದ್ರೂ ಕೊಡ್ತಾರೇನ್ರೀ?" ಆ ದನಿಯಲ್ಲಿ ಸಿಟ್ಟಿದ್ದರೆ ಉತ್ತರ ಕೊಡುತ್ತಿದ್ದೆ. ಸಿಟ್ಟಿರಲಿಲ್ಲ, ಆಸೆ ಇತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಶಿರಾಳಕೊಪ್ಪ ದಾಟುವವರೆಗೂ ಕಿಟಕಿಯ ಹೊರಗೇ ನೋಡಿದೆ.

ರುದ್ರಪ್ಪಣ್ಣನ ಗಿರಣಿಯಲ್ಲಿ ಕಾಲಿಡಲು ಜಾಗವಿಲ್ಲ. ಅಕ್ಕಿಯ ಡಬ್ಬಿ, ರಾಗಿಯ ಚೀಲದ ಸಾಲು ಬಾಗಿಲಾಚೆಗೂ ಬಂದಿತ್ತು. ಐದು ಯಂತ್ರದ ಸುತ್ತ ಐದು ಗುಂಪು. ನನ್ನ ಎದೆ ಉಬ್ಬಿತು. "ಬಾಡಿಗೆ ಭರ್ಜರಿ ಇರಬೇಕಲ್ಲ ಅಣ್ಣಾ?" ಎಂದೆ.

"ಬಾಡಿಗೆಯಾ? ಎಂತ ಬಾಡಿಗೆ ಮಾರಾಯ!" ರುದ್ರಪ್ಪಣ್ಣ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡ. "ಆಟಕ್ಕೆ ದುಡ್ಡು ಅಂದ್ರೆ ಇಲ್ಲಿ ಯಾರು ಮುಟ್ತಾರೆ? ಪುಕ್ಕಟೆ ಬಿಟ್ಟಿದ್ದೀನಿ."

"ಹಂಗಾದ್ರೆ ಬ್ರಾಂಚಿನ ಆದಾಯ?"

"ಸೊನ್ನೆ" ಎಂದ, ಬಹಳ ಸಂತೋಷದಿಂದ.

ಗಿರಿಜಾ ಡಬ್ಬಿಗಳ ಸಾಲನ್ನು ಒಮ್ಮೆ ನೋಡಿದಳು, ಮೂಲೆಯಲ್ಲಿ ಹೊಸ ಬಣ್ಣದಲ್ಲಿ ಮಿಂಚುತ್ತಿದ್ದ ಇನ್ನೊಂದು ಬೀಸುವ ಮಿಷನ್ನನ್ನು ನೋಡಿದಳು.

"ಭಾವ, ಇದು ಯಾವಾಗ ತಂದ್ರಿ?"

"ಹೋದ ತಿಂಗಳು ಕಣಮ್ಮಾ. ಒಂದೇ ಮಿಷನ್ ಸಾಕಾಗ್ಲಿಲ್ಲ. ಕೆಳಗಿನ ಪೇಟೆ ಗಿರಣಿಗೆ ಹೋಗ್ತಿದ್ದೋರೆಲ್ಲ ಈಗ ಇಲ್ಲಿಗೇ..." ಅಷ್ಟರಲ್ಲಿ ಅವನಿಗೇ ಹೊಳೆದು ನಾಲಿಗೆ ಕಚ್ಚಿಕೊಂಡ.

"ಯಾಕ್ ಬರ್ತಾರಂತೆ?"

ರುದ್ರಪ್ಪಣ್ಣ ಮಿಷನ್ನಿನ ಬೆಲ್ಟ್ ಸರಿಯಾಗಿದೆಯೋ ಅಂತ ನೋಡತೊಡಗಿದ. ಗಿರಿಜಾ ನನ್ನ ಕಡೆ ತಿರುಗಿ, "ರೀ, ಐದೂ ಆಟ ಚೀಲಕ್ಕೆ ಹಾಕ್ರೀ. ಊರಿಗೆ ಹೋಗಾಣ" ಎಂದಳು. ಗಿರಣಿಯಲ್ಲಿ ಗಲಾಟೆಯೆದ್ದಿತು. ಯಂತ್ರ ಹಿಡಿದಿದ್ದ ಅಜ್ಜಿಯೊಬ್ಬರು ತಮ್ಮ ರಾಗಿಯ ಚೀಲವನ್ನು ಹತ್ತಿರ ಎಳೆದುಕೊಂಡು, "ಆಟ ಹೋದ್ರೆ ನಾನೂ ಹೋದೆ. ಕೆಳಗಿನ ಗಿರಣಿ ನಮ್ಮನೆಗೆ ಹತ್ರ" ಎಂದರು. ಹೌದು ಹೌದು ಅಂತ ನಾಲ್ಕು ಚೀಲ ಕದಲಿದವು. ಗಲಾಟೆ ಕೇಳಿ ಒಳಗಿನಿಂದ ಬಂದ ಗಿರಿಜಾಳ ಅಕ್ಕ, ವಿಷಯ ತಿಳಿದು ತಂಗಿಯ ಪಕ್ಕ ಹೋಗಿ ನಿಂತಳು.

ಮುಂದಿನ ಮಾತುಕತೆಯನ್ನು ಸವಿಸ್ತಾರವಾಗಿ ಬರೆಯಬೇಕೆಂಬ ಆಸೆ ನನಗೂ ಇದೆ. ಆದರೆ ಆ ಅಜ್ಜಿ, "ಹಿಟ್ಟು ನೋಡಿ ಬರ್ತೀನಿ, ಒಂಚೂರು ಹಿಡ್ಕೋ ಮಗಾ, ಆಟ ಕೆಡಿಸ್ಬೇಡ" ಅಂತ ಯಂತ್ರವನ್ನು ನನ್ನ ಕೈಗೆ ಕೊಟ್ಟು ಹೋಗಿಬಿಟ್ಟರು. ನಾನು ತಲೆ ಎತ್ತಿದಾಗ ಎಲ್ಲ ಮುಗಿದಿತ್ತು. ಐದು ಆಟ ಸೊರಬದಲ್ಲೇ ಉಳಿಯುವುದು, ದೀಪಾವಳಿಯೊಳಗೆ ರುದ್ರಪ್ಪಣ್ಣನ ದುಡ್ಡಿನಲ್ಲಿ ಗ್ರೈಂಡರ್ ನಮ್ಮ ಮನೆಗೆ ಬರುವುದು. ಅಕ್ಕ ಚಹಾ ಸೋಸುತ್ತಿದ್ದಳು. ಕಂಪನಿಯ ಮಾಲೀಕನಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಮಾತಿಗೆ ತಪ್ಪದೆ ಗ್ರೈಂಡರ್ ಬಸ್ಸಿನ ಟಾಪ್ ಮೇಲೆ ಕೂತು ಬಂತು. ಗಿರಿಜಾ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಸ್ವಿಚ್ ಒತ್ತಿ, ಅದು ತಿರುಗುವುದನ್ನು ಬಲಭುಜ ಸವರಿಕೊಳ್ಳುತ್ತ ಬಹಳ ಹೊತ್ತು ನೋಡುತ್ತ ನಿಂತಳು. ಅವಳ ಮುಖ ನೋಡಿ ನನಗೂ ಹೊಟ್ಟೆ ತುಂಬಿದ ಹಾಗಾಯಿತು. ಅಕ್ಕಿ ನುಣ್ಣಗಾಗಲು ಹೇಗೂ ಹೊತ್ತು ಹಿಡಿಯುತ್ತದೆ ಅಂತ, ಓಣಿಯ ಬೆಲ್ಲ, ಇರುವೆಗಳಿಂದ ಪಾರಾಗಿ ಹೆಡ್ ಆಫೀಸಿನಲ್ಲಿ ಬದುಕುಳಿದಿದ್ದ ಒಂದೇ ಯಂತ್ರಕ್ಕಾಗಿ ಸಾಸಿವೆ ಡಬ್ಬಿಯ ಹಿಂದೆ ಕೈ ಹಾಕಿದೆ.

"ಪುಕ್ಕಟೆ ಇಲ್ರೀ" ಎಂದಳು ಗಿರಿಜಾ, ತಿರುಗಿಯೂ ನೋಡದೆ. "ಒಂದು ಆಟಕ್ಕೆ ಅರ್ಧ ಕಾಯಿ ತುರಿ."

"ನಾನು ನಿನ್ನ ಗಂಡ ಕಣೇ!"

"ಓಣಿಯವರೆಲ್ಲ ನಮ್ಮೋರೇ ಅಂತ ಬಿಟ್ಟಿದ್ದಕ್ಕೇ ಅಲ್ವೇನ್ರೀ ನಿಮ್ಮ ಕಂಪನಿ ಮುಳುಗಿದ್ದು?"

ಗೋಡೆಯ ಕಡೆ ನೋಡಿದೆ. ನಮ್ಮ ಅಡುಗೆಮನೆಯಲ್ಲಿ ಗಡಿಯಾರವಿಲ್ಲ, ಒಂದು ನಿಂತ ಗಡಿಯಾರ ಕೂಡ ಇಲ್ಲ. ಶುರುವಾದಂದಿನಿಂದ ನಮ್ಮ ಕಂಪನಿಗೆ ಬಾಡಿಗೆ ಅಂತ ಸಂದಾಯ ಮಾಡಿದ ಗಿರಾಕಿ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಆವತ್ತು ಈಳಿಗೆಮಣೆ ಎಳೆದುಕೊಂಡು ಕೂತು, ಎರಡು ಕಾಯಿ ಮುಂಗಡವಾಗಿಯೇ ತುರಿದುಕೊಟ್ಟೆ.