ಕಾಕಾನ ಇರಾನಿ ಸಾಹೇಬರು

ನಮ್ಮ ಕಾಕಾನಷ್ಟು ನಿಷ್ಠೆಯಿಂದ ಉಪಯೋಗವಿಲ್ಲದ ಕೆಲಸ ಮಾಡುವವರು ಜಮಖಂಡಿಯಿಂದ ಬೀಳಗಿಯವರೆಗೆ ಇನ್ನೊಬ್ಬರಿದ್ದರೆ ತೋರಿಸಿ. ನೀರಾವರಿ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಬನಹಟ್ಟಿಯಲ್ಲಿ ಕೂತು, ಹನ್ನೊಂದು ವರ್ಷ ಒಂದೇ ಒಂದು ಫಾರಸಿ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದರು. ಅದನ್ನು ಬರೆದವರು ಇರಾನಿನವರು. ಸರಕಾರಕ್ಕೆ ಸೇರದ್ದನ್ನು ಬರೆದು, ಪುಸ್ತಕ ನಿಷೇಧವಾಗಿ, ಜೀವ ಉಳಿಸಿಕೊಳ್ಳಲು ಪ್ಯಾರಿಸ್ಸಿಗೆ ಓಡಿಹೋದವರು. ಮತ್ತೆ ಊರು ಕಂಡಿಲ್ಲ. ಕಾಕಾ ಅವರನ್ನು "ನಮ್ಮ ಸಾಹೇಬ್ರು" ಎನ್ನುತ್ತಿದ್ದರು. ಬನಹಟ್ಟಿ ಎಂಬ ಊರಿರುವುದೇ ಸಾಹೇಬರಿಗೆ ಗೊತ್ತಿರಲಿಲ್ಲ, ಆ ಮಾತು ಬೇರೆ.

ಕಾಕಾ ಫಾರಸಿ ಕಲಿತದ್ದು ಮುಧೋಳದ ಒಬ್ಬ ಮುದಿ ಉರ್ದು ಮಾಸ್ತರರ ಹತ್ತಿರ. ಆ ಮಾಸ್ತರರೂ ಇರಾನ್ ಕಂಡವರಲ್ಲ, ಹಳೆಯ ಪುಸ್ತಕ ಓದಿ ಕಲಿತವರು.

ಕಾದಂಬರಿಯಲ್ಲಿ ಒಂದು ಕಡೆ ಹಿಮ ಬೀಳುತ್ತದೆ. ಕಾಣದ್ದನ್ನು ಬರೆಯಬಾರದೆಂದು ಕಾಕಾ ಐಸ್ ಫ್ಯಾಕ್ಟರಿಯಲ್ಲಿ ಅರ್ಧ ದಿನ ಶಾಲು ಹೊದ್ದು ಕೂತು ಬಂದರು. ಎಂಟು ದಿನ ಜ್ವರ. ಒಂಬತ್ತನೆಯ ದಿನ ಎದ್ದು ಬರೆದದ್ದು ಎರಡೇ ಶಬ್ದ: "ಹಿಮ ಬಿತ್ತು."

ಕಾಕಾನ ಹೆಂಡತಿ, ನಮ್ಮ ಕಾಕು, ಕಷಾಯದ ಲೋಟ ಮುಂದಿಟ್ಟು, "ಇಷ್ಟನ್ನ ಮನ್ಯಾಗ ಕುಂತ ಬರ್ಯಾಕ ಬರ್ತಿರಲಿಲ್ಲೇನ್ರಿ?" ಎಂದಳು.

ಇನ್ನೊಮ್ಮೆ ಮುಧೋಳದ ವಾಚನಾಲಯದಲ್ಲಿ ಸಾಹೇಬರ ಬಗ್ಗೆ ಭಾಷಣವಿಟ್ಟುಕೊಂಡರು. ಗೋಡೆಗೆ ತಾವೇ ಬರೆದು ಹಚ್ಚಿದ ಕಾಗದ: "ಇರಾನಿನಿಂದ ಓಡಿ ಬಂದವರು". ಏಳು ಜನ ಬಂದರು. ಅವರಲ್ಲಿ ಐದು ಜನ ನಾಯಿ ಸಾಕುವವರು. ಮುಧೋಳ ನಾಯಿಯ ಮೂಲ ಇರಾನ್ ಎಂದು ಆ ಕಡೆ ಮಾತಿದೆಯಲ್ಲ. ಒಂದು ತಾಸು ಸಹನೆಯಿಂದ ಕೇಳಿ, ತಿಮ್ಮಾಪುರದ ಒಬ್ಬ ಹಿರಿಯರು ಎದ್ದು ನಿಂತರು.

"ಎಲ್ಲಾ ಛಲೋ ಹೇಳಿದ್ರಿ ಸರ. ಒಂದ ಸೂಲಕ್ಕ ಮರಿ ಎಷ್ಟ ಹಾಕತೈತಿ ಅನ್ನೂದೊಂದ ಹೇಳಲಿಲ್ಲ."

ಇದನ್ನು ನಾನು ಎಷ್ಟು ಮದುವೆಗಳಲ್ಲಿ ಹೇಳಿ ನಗಿಸಿದ್ದೇನೋ. ಕಾಕಾ ಅಲ್ಲೇ ಎದುರಿಗೆ ಕೂತಿರುತ್ತಿದ್ದರು.

ಹೋದ ವರ್ಷ ಅನುವಾದ ಮುಗಿಯಿತು. ಅನುಮತಿ ಕೇಳಿ ಕಾಕಾ ಪ್ಯಾರಿಸ್ಸಿನ ಪ್ರಕಾಶಕರಿಗೆ ಬರೆದರು. ಉತ್ತರ ಬರುವುದಿಲ್ಲವೆಂದು ನಾನು ಪಂಥ ಕಟ್ಟಿದೆ. ಬಂತು, ಸಾಹೇಬರ ಮಗಳಿಂದ. ತಂದೆಗೆ ಈಗ ಕಣ್ಣು ಕಾಣುವುದಿಲ್ಲ, ನಿಮ್ಮ ಕೂಡ ಮಾತಾಡಬೇಕಂತೆ ಎಂದು ಬರೆದಿದ್ದಳು. ಒಂದು ರವಿವಾರ ಮಧ್ಯಾಹ್ನ ನನ್ನ ಫೋನಿನಿಂದಲೇ ಹಚ್ಚಿಕೊಟ್ಟೆ. ಖರೆ ಹೇಳಬೇಕೆಂದರೆ, ತಮಾಷೆ ನೋಡಲು.

ಕಾಕಾ ಎದ್ದು ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, ಫಾರಸಿಯಲ್ಲಿ ಏನೋ ಅಂದರು. ಆ ಕಡೆಯಿಂದ ಒಬ್ಬ ಮುದುಕ ನಕ್ಕದ್ದು ಕೇಳಿಸಿತು. ನಗುತ್ತ ನಗುತ್ತಲೇ ಅದು ಅಳುವಾಯಿತು. ಮಾತು ಮುಗಿಸಿ ಕಾಕಾ ಫೋನನ್ನು ನನ್ನ ಕೈಗೆ ಕೊಟ್ಟರು.

"ಏನಂದ್ರು?" ಎಂದೆ.

"ನನ್ನ ಮಾತು ಭಾಳ ಹಳೀವಂತ. ಅವರ ಅಜ್ಜ ಹಿಂಗ ಮಾತಾಡ್ತಿದ್ನಂತ. ಅಂವ ಹೋದಮ್ಯಾಲೆ ಇಂಥಾ ಮಾತು ಕಿವಿಗೆ ಬಿದ್ದಿದ್ದಿಲ್ಲಂತ."

ಕಾಕು ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಅವರು ಉಂಡಾರೇನು, ಕೇಳಿದ್ರೇನ್ರಿ?"

"ಇಲ್ಲ. ಮರತೆ."

"ಊರು ಬಿಟ್ಟಾವ್ರಿಗೆ ಮೊದಲ ಅದನ್ನ ಕೇಳಬೇಕ್ರಿ."

ಕಾಕಾ ನನ್ನ ಮುಖ ನೋಡಿದರು. ನಾನು ಅದೇ ನಂಬರಿಗೆ ಮತ್ತೆ ಫೋನ್ ಹಚ್ಚಿದೆ.