ನಮ್ಮತ್ತೆ ಕಟ್ಟಿದ ಐಸ್ ಹಾಕಿ ತಂಡ

ನಮ್ಮ ಸೋದರತ್ತೆಗೆ ಐಸ್ ಎಂದರೆ ಆಗುವುದಿಲ್ಲ. ಕಬ್ಬಿನ ಹಾಲಿಗೆ ಒಂದು ಚೂರು ಬಿದ್ದರೂ ಸಾಕು, ವಾರಗಟ್ಟಲೆ ಗಂಟಲು ಕಟ್ಟಿಕೊಂಡು ಕೂರುತ್ತಾರೆ. ಮದುವೆ ಮನೆಯಲ್ಲಿ ಐಸ್ ಕ್ರೀಮ್ ಕೊಟ್ಟರೆ ಅದು ಕರಗಿ ಪಾಯಸವಾಗುವ ತನಕ ಕಾದು ಆಮೇಲೆ ಕುಡಿಯುತ್ತಾರೆ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಚಳಿಗಾಲ ಬಂತೆಂದು ತಿಳಿಯಲು ಕ್ಯಾಲೆಂಡರ್ ಬೇಕಿಲ್ಲ; ಅತ್ತೆಯ ತಲೆಗೆ ಮಂಕಿ ಕ್ಯಾಪ್ ಏರಿತೆಂದರೆ ಬಂದ ಹಾಗೆಯೇ! ಇಂಥ ಅತ್ತೆ ನಮ್ಮ ವಿಶ್ವವಿದ್ಯಾಲಯದ ಮಹಿಳಾ ಐಸ್ ಹಾಕಿ ತಂಡದ ಸಂಸ್ಥಾಪಕಿ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ನನಗೇ ಒಳ್ಳೆಯದು. ನಂಬಿದಿರೋ, ಮುಂದಿನ ಪ್ರಶ್ನೆಯಾಗಿ ಆ ತಂಡದ ಮೊದಲ ಗೋಲ್‌ಕೀಪರ್ ಯಾರು ಎಂದು ಕೇಳುತ್ತೀರಿ. ಆಗ ನಾನು ತಲೆ ತಗ್ಗಿಸಬೇಕಾಗುತ್ತದೆ.

ಅತ್ತೆ ಅಲ್ಲಿ ಕಲಿಸುತ್ತಿದ್ದದ್ದು ಹಳಗನ್ನಡ. ನಾನು ಅದೇ ಕ್ಯಾಂಪಸ್ಸಿನಲ್ಲಿ ಎಂ.ಕಾಂ. ಓದುತ್ತಿದ್ದೆ. ಒಂದು ಚಳಿಗಾಲದ ರಜೆಯಲ್ಲಿ ಅತ್ತೆ ಸಹೋದ್ಯೋಗಿಗಳ ಜೊತೆ ಲಡಾಖಿಗೆ ಪ್ರವಾಸ ಹೋದರು. ಮಿಕ್ಕವರೆಲ್ಲ ಅಲ್ಲಿಂದ ಶಾಲು, ಏಪ್ರಿಕಾಟ್ ತಂದರೆ ನಮ್ಮತ್ತೆ ಒಂದು ಹಾಕಿ ಕೋಲು ತಂದರು. ಹೆಪ್ಪುಗಟ್ಟಿದ ಕೆರೆಯ ಮೇಲೆ ಹೆಣ್ಣುಮಕ್ಕಳು ಆಡುವುದನ್ನು ಕಂಡರಂತೆ. ಮಧ್ಯಾಹ್ನದ ಊಟ ಬಿಟ್ಟು ನೋಡಿದರಂತೆ. ನಮ್ಮತ್ತೆ ಊಟ ಬಿಟ್ಟರು ಎಂದರೆ ವಿಷಯ ಗಂಭೀರವೆಂದೇ ಲೆಕ್ಕ!

ಮರುವಾರವೇ ಕ್ರೀಡಾ ವಿಭಾಗದ ನಿರ್ದೇಶಕರ ಮುಂದೆ ಹೋಗಿ ಕೂತರು. ಪಕ್ಕದಲ್ಲಿ ಸಾಕ್ಷಿಯಾಗಿ ನಾನು.

"ಮೇಡಂ, ಐಸ್ ಹಾಕಿ ಅಂತೀರಿ. ಬೆಂಗಳೂರಲ್ಲಿ ಐಸ್ ಎಲ್ಲಿದೆ?" ಎಂದರು ನಿರ್ದೇಶಕರು.

"ಸಾರ್, ನಮ್ಮ ಈಜು ತಂಡಕ್ಕೆ ನೀರೆಲ್ಲಿದೆ?" ಎಂದರು ಅತ್ತೆ.

ಕ್ಯಾಂಪಸ್ಸಿನ ಈಜುಕೊಳದಲ್ಲಿ ಆಗ ನೀರಿನ ಬದಲು ಒಣಗಿದ ಎಲೆಗಳಿದ್ದವು. ಆ ಮಾತು ಮುಂದುವರಿದರೆ ತಮಗೇ ಕಷ್ಟ ಎಂದು ನಿರ್ದೇಶಕರಿಗೆ ಹೊಳೆಯಿತು. ಅವರು ಪೆನ್ನು ತೆಗೆದು ಸಹಿ ಹಾಕಿದರು. ತಂಡ ಹುಟ್ಟಿದ್ದು ಹೀಗೆ. ಅದು ಈಗಲೂ ಇದೆ. ಐಸ್ ಮಾತ್ರ ಇನ್ನೂ ಬಂದಿಲ್ಲ.

ತಂಡವೇನೋ ಹುಟ್ಟಿತು, ಆಡುವವರು? ಅತ್ತೆ ಬಸ್ಸಿನಲ್ಲೇ ಆಯ್ಕೆ ಶುರು ಮಾಡಿದರು. ಮಾಗಡಿ ರಸ್ತೆಯ ಬಸ್ಸು ಹೇಗೆ ಓಲಾಡುತ್ತದೆ ಎಂದು ಅದರಲ್ಲಿ ನಿಂತು ಬಂದವರಿಗೆ ಗೊತ್ತು. ಒಂದು ಬೆಳಗ್ಗೆ ಆ ತುಂಬಿದ ಬಸ್ಸಿನಲ್ಲಿ ಒಬ್ಬ ಹುಡುಗಿ ಕಂಬಿಯನ್ನು ಮುಟ್ಟದೆ, ಎರಡೂ ಕೈಯಲ್ಲಿ ಮೊಬೈಲ್ ಒತ್ತುತ್ತಾ ನಿಂತಿದ್ದಳು. ಡ್ರೈವರ್ ಬ್ರೇಕ್ ಹಾಕಿದ. ಬಸ್ಸಿಗೆ ಬಸ್ಸೇ ಮುಂದಕ್ಕೆ ಮುಗ್ಗರಿಸಿತು. ಅವಳು ಕದಲಲಿಲ್ಲ.

"ಏಯ್ ಹುಡುಗಿ!" ಎಂದು ಹಿಂದಿನ ಸೀಟಿನಿಂದ ಅತ್ತೆ ಕೂಗಿದರು. "ಹಾಕಿ ಆಡ್ತೀಯೇನೇ?"

ನಾನು ತಕ್ಷಣ ಮುಖ ತಿರುಗಿಸಿ, ಕಿಟಕಿಯಾಚೆ ಕಾಣುತ್ತಿದ್ದ ಒಂದು ಟೈರ್ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಈ ಹೆಂಗಸು ಯಾರೋ, ನಾನು ಯಾರೋ!

"ಯಾವ ಹಾಕಿ ಆಂಟಿ?" ಎಂದಳು ಹುಡುಗಿ.

"ಐಸ್ ಹಾಕಿ! ಹೆದರ್ಕೋಬೇಡ. ಇಲ್ನೋಡು, ಇವಳು ನಮ್ಮಣ್ಣನ ಮಗಳು, ಇವಳೇ ಗೋಲ್‌ಕೀಪರ್!"

ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನೋಡಿದ. ನಾನು ಗೋಲ್‌ಕೀಪರ್ ಎಂಬ ಸುದ್ದಿ ನನಗೂ ಆಗಲೇ ತಿಳಿದದ್ದು. ಕೆಳಗಿಳಿದ ಮೇಲೆ ಜಗಳ ತೆಗೆದೆ. ಅತ್ತೆ ಸಮಾಧಾನದಿಂದಲೇ ಉತ್ತರಿಸಿದರು.

"ನಿಂಗೆ ಓಡೋಕೆ ಬರಲ್ಲ, ಸರಿ. ನಿಂತ್ಕೊಳ್ಳೋಕೆ ಬರುತ್ತಲ್ಲ? ಅಷ್ಟು ಸಾಕು ಕಣೇ."

ಬಸ್ಸಿನ ಆ ಹುಡುಗಿ, ಹೆಗ್ಗನಹಳ್ಳಿಯವಳು, ನಮ್ಮ ಕ್ಯಾಂಪಸ್ಸಿನಲ್ಲೇ ಓದುತ್ತಿದ್ದವಳು, ನಿಜಕ್ಕೂ ಬಂದಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಎಲ್ಲರಿಗೂ ಅತ್ತೆ ಕನ್ನಡದಲ್ಲೇ ಆಟ ಕಲಿಸಿದರು. ಈ ಆಟದಲ್ಲಿ ಚೆಂಡಿನ ಬದಲು ಬಳಸುವ ಕಪ್ಪು ರಬ್ಬರ್ ತುಂಡಿಗೆ 'ಬಿಲ್ಲೆ' ಎಂದು ಹೆಸರಿಟ್ಟರು, ಸರಿಯಾಗಿಯೇ ಇತ್ತು. ಗೋಲ್‌ಕೀಪರಿಗೆ ಇಟ್ಟ ಹೆಸರು 'ದ್ವಾರಪಾಲಕಿ'! ಎರಡೇ ದಿನದಲ್ಲಿ ಕ್ಯಾಂಟೀನಿನವರು "ದ್ವಾರಪಾಲಕಿಗೆ ಒಂದು ಕಾಫಿ!" ಎಂದು ಅಷ್ಟು ಜನರ ಮುಂದೆ ಕೂಗಿ ಕೊಡತೊಡಗಿದರು. ನಾನು ಕಾಫಿ ಕುಡಿಯುವುದನ್ನೇ ಬಿಟ್ಟೆ.

ಅಭ್ಯಾಸ ನಡೆಯುತ್ತಿದ್ದದ್ದು ಭಾನುವಾರ ಬೆಳಗ್ಗೆ, ನಮ್ಮ ಮನೆ ಮುಂದಿನ ರಸ್ತೆಯಲ್ಲಿ, ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು. ದ್ವಾರಪಾಲಕಿಗೆ ರಕ್ಷಣೆ ಬೇಕಲ್ಲ? ಅತ್ತೆ ಒಂದು ಹಳೆಯ ಹಾಸಿಗೆಯನ್ನು ಕತ್ತರಿಸಿ ನನ್ನ ಎದೆಗೂ ಕಾಲಿಗೂ ಹಗ್ಗದಿಂದ ಬಿಗಿದರು. ತಲೆಗೆ ಅಪ್ಪನ ಬೈಕಿನ ಹೆಲ್ಮೆಟ್ ಏರಿಸಿದರು. ಹಾಗೆ ನಿಂತಿದ್ದಾಗ ಒಬ್ಬ ಆಟೋದವನು ಪಕ್ಕಕ್ಕೆ ಬಂದು ನಿಲ್ಲಿಸಿ ಅತ್ತೆಯನ್ನು ಕೇಳಿದ.

"ಅಕ್ಕಾ, ಹಳೇ ಹಾಸಿಗೆ ಮಾರೋದಾ? ಎಷ್ಟು ಹೇಳ್ತೀರ?"

ಹೆಲ್ಮೆಟ್ಟಿನ ಒಳಗೆ ಮುಖ ಇರುವುದು ಅವನಿಗೆ ಕಾಣಿಸಿರಲಿಲ್ಲ. ನಾನೂ ತೋರಿಸಲಿಲ್ಲ.

ರಸ್ತೆಯಲ್ಲಿ ಜಾರುವುದು ಸಾಲದು ಎಂದು ಅತ್ತೆಗೆ ಅನ್ನಿಸಿತು. ಒಂದು ಬೆಳಗ್ಗೆ ಮನೆಯ ತಾರಸಿಗೆ ಸೋಪಿನ ನೀರು ಸುರಿದು, "ಇದೇ ಐಸ್ ಅಂದ್ಕೊಳ್ರೇ" ಎಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರು. ಅಷ್ಟರಲ್ಲಿ ಇದೊಂದೂ ಗೊತ್ತಿಲ್ಲದ ನಮ್ಮಪ್ಪ ಪೇಪರ್ ಓದುತ್ತಾ ಮೇಲೆ ಬಂದರು. ಬಾಗಿಲು ದಾಟಿ ಒಂದು ಹೆಜ್ಜೆ ಇಟ್ಟರು, ಅಷ್ಟೇ. ಉಳಿದ ದೂರವನ್ನು ಹೆಜ್ಜೆ ಇಡದೆಯೇ ಕ್ರಮಿಸಿದರು! ಪೇಪರ್ ಕೈಯಲ್ಲೇ ಇತ್ತು. ತಾರಸಿಯ ಆ ತುದಿಯಲ್ಲಿ ಒಣಹಾಕಿದ್ದ ಸೀರೆ ಅವರನ್ನು ಹಿಡಿದು ನಿಲ್ಲಿಸಿತು. 

"ನೋಡಿದ್ರೇನ್ರೇ?" ಎಂದು ಅತ್ತೆ ಚಪ್ಪಾಳೆ ತಟ್ಟಿದರು. "ಅಣ್ಣ ಮೊಣಕಾಲು ಹೇಗೆ ಬಗ್ಗಿಸ್ದ! ಬ್ಯಾಲೆನ್ಸ್ ಅಂದ್ರೆ ಅದು!"

ಸೀರೆಯ ಒಳಗಿನಿಂದ ಬಂದ ಅಪ್ಪನ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಅಂತೂ ಮುಂದಿನ ಚಳಿಗಾಲಕ್ಕೆ ತಂಡ ಲಡಾಖಿಗೆ ಹೊರಟಿತು. ಅಲ್ಲಿನ ಒಂದು ಹಳ್ಳಿಯ ಹುಡುಗಿಯರ ಜೊತೆ ಪಂದ್ಯ ಆಡುವುದೆಂದು ಅತ್ತೆ ಫೋನಿನಲ್ಲೇ ಗೊತ್ತುಮಾಡಿದ್ದರು. ತಲುಪಿದ ದಿನವೇ ಅವರ ಗಂಟಲು ಪೂರ್ತಿ ಕಟ್ಟಿತು. ಹಳಗನ್ನಡ, ಹೊಸಗನ್ನಡ ಯಾವುದೂ ಹೊರಡದು. ಪಿಸುಮಾತು ಬಿಟ್ಟರೆ ಕೈಸನ್ನೆ. ನನಗೆ ಒಳಗೊಳಗೇ ಸಂತೋಷವಾಯಿತು. ಇನ್ನು ಯಾರ ಮುಂದೆಯೂ ನನ್ನನ್ನು ಪರಿಚಯಿಸಲಾರರಲ್ಲ!

ಆದರೆ ಮಾನ ಕಳೆಯಲು ಅತ್ತೆಯೇ ಬೇಕೆಂದೇನಿಲ್ಲ ಎಂದು ಮರುದಿನ ತಿಳಿಯಿತು. ಚಕ್ರದ ಸ್ಕೇಟ್ಸ್ ಐಸ್ ಮೇಲೆ ನಡೆಯುವುದಿಲ್ಲ, ಅಲಗಿನದು ಬೇಕು. ಅದು ನಮ್ಮ ಹತ್ತಿರ ಇರಲಿಲ್ಲ. ಎದುರಾಳಿಗಳೇ ತಮ್ಮ ಹಳೆಯ ಜೋಡಿಗಳನ್ನು ತಂದುಕೊಟ್ಟರು. ನಮಗೆ ಅದರ ಲೇಸು ಬಿಗಿಯಲು ಬರಲಿಲ್ಲ. ಅವರೇ ಮಂಡಿಯೂರಿ ಕೂತು ನಮ್ಮ ಕಾಲಿಗೆ ಲೇಸು ಕಟ್ಟಿದರು. ಎದ್ದು ನಿಲ್ಲಲೂ ಆಗಲಿಲ್ಲ. ಕೈಹಿಡಿದು ನಮ್ಮ ನಮ್ಮ ಜಾಗಕ್ಕೆ ಬಿಟ್ಟುಬಂದರು. ನರ್ಸರಿ ಶಾಲೆಯ ಮೊದಲ ದಿನ ನೆನಪಾಯಿತು. ಕೆರೆಯ ಸುತ್ತ ಹಳ್ಳಿಯ ಜನ ಚಹಾ ಹಿಡಿದು ನಿಂತಿದ್ದರು.

ಹೆಗ್ಗನಹಳ್ಳಿಯ ಹುಡುಗಿ ಒಂದು ಸಲವೂ ಬೀಳಲಿಲ್ಲ. ನಿಲ್ಲಿಸಿದ ಕಡೆ ಕಂಬದಂತೆ ನಿಂತಳು. ಆದರೆ ಅಲ್ಲಿಂದ ಎಲ್ಲಿಗೂ ಹೋಗಲಿಲ್ಲ. ಬಸ್ಸಿನಲ್ಲಾದರೆ ಬಸ್ಸು ಹೋಗುತ್ತದೆ, ಇಲ್ಲಿ ಅವಳೇ ಹೋಗಬೇಕಿತ್ತು! ಮಿಕ್ಕವರು ಬಿದ್ದಲ್ಲಿಂದಲೇ ಆಡಿದರು. ನನ್ನ ಕಾಲ ನಡುವೆ, ಎಡಕ್ಕೆ, ಬಲಕ್ಕೆ ಬಿಲ್ಲೆ ಹೋಗುತ್ತಲೇ ಇತ್ತು. ಮೊದಮೊದಲು ಎಣಿಸಿದೆ, ಆಮೇಲೆ ಬಿಟ್ಟೆ.

ಅದಕ್ಕಿಂತ ಕೆಟ್ಟದ್ದು ಮುಂದೆ ಬಂತು. ಎದುರಾಳಿಗಳಿಗೆ ನಮ್ಮ ಮೇಲೆ ಕರುಣೆ ಹುಟ್ಟಿತು. ಬಿಲ್ಲೆಯನ್ನು ಮಗುವಿನ ಕಡೆ ಚೆಂಡು ಉರುಳಿಸುವಂತೆ ನನ್ನತ್ತ ಮೆಲ್ಲಗೆ ತಳ್ಳತೊಡಗಿದರು. ಅದು ತಾನಾಗಿ ಬಂದು ನನ್ನ ಕಾಲಿಗೆ ತಾಗಿ ನಿಂತರೆ ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇದೆಯಲ್ಲ, ಅಷ್ಟು ಗೋಲುಗಳಿಗಿಂತ ಅದೇ ಹೆಚ್ಚು ಚುಚ್ಚಿತು.

ಆಗ ಅತ್ತೆ ಕೆರೆಗೆ ಇಳಿದರು. ಸೀರೆ, ಮೂರು ಸ್ವೆಟರ್, ಕಾಲಿಗೆ ಬರಿಯ ಕ್ಯಾನ್ವಾಸ್ ಶೂ. ನಾಲ್ಕು ಹೆಜ್ಜೆ ಬಿರುಸಾಗಿ ಬಂದವರು ದೊಪ್ಪನೆ ಬಿದ್ದು, ಕೂತ ಭಂಗಿಯಲ್ಲೇ ಜಾರುತ್ತಾ ಮೈದಾನದ ನಟ್ಟನಡುವೆ ಬಂದು ನಿಂತರು. ಕೆರೆಯ ಸುತ್ತ ನಗುವಿನ ಅಲೆ! ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅತ್ತೆ ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತು, ಎದುರಾಳಿ ನಾಯಕಿಯನ್ನು ಕೈಬೀಸಿ ಕರೆಯುತ್ತಿದ್ದರು. ಮೆಲ್ಲಗೆ ತಳ್ಳುವ ಅಭಿನಯ ಮಾಡಿ ಬೆರಳಾಡಿಸಿ ಬೇಡ ಎಂದರು. ಆಮೇಲೆ ಎರಡೂ ಕೈ ಎತ್ತಿ, ಸೌದೆ ಒಡೆಯುವವರಂತೆ ಜೋರಾಗಿ ಬೀಸಿ, ಹೀಗೆ ಹೊಡೆಯಿರಿ ಎಂದು ತೋರಿಸಿದರು. ನಾಯಕಿ ಒಂದು ಕ್ಷಣ ಅವರನ್ನೇ ನೋಡಿದಳು. ನಗಲಿಲ್ಲ. ತಲೆಬಾಗಿ ಒಪ್ಪಿ, ಅವರನ್ನು ಎಬ್ಬಿಸಿ ದಡ ಸೇರಿಸಿದಳು.

ಮುಂದಿನ ಬಿಲ್ಲೆ ನನ್ನ ಕಿವಿಯ ಪಕ್ಕ ಸುಯ್ಯೆಂದು ಹೋಯಿತು.

ಪಂದ್ಯ ಮುಗಿಯುವಷ್ಟರಲ್ಲಿ ಯಾರೋ ತೆಗೆದ ವಿಡಿಯೋ ನಮ್ಮ ಮನೆತನದ ವಾಟ್ಸಾಪ್ ಗುಂಪು ಸೇರಿತ್ತು. ಅದರ ಕೆಳಗೆ ದಾವಣಗೆರೆಯ ದೊಡ್ಡಮ್ಮನ ಪ್ರಶ್ನೆ: "ಹಿಂದೆ ಮೂಟೆ ಥರ ನಿಂತಿರೋದು ಯಾರು?" ಕೆಳಗೆ ಅಪ್ಪನ ಉತ್ತರ: "ನನ್ನ ಮಗಳು." ಅಷ್ಟೇ, ಮುಂದೆ ಏನೂ ಇಲ್ಲ. ನಾನು ರೂಮಿಗೆ ಬಂದು ರಜಾಯಿ ಹೊದ್ದು ಮುಖ ಮುಚ್ಚಿ ಅತ್ತುಬಿಟ್ಟೆ. ಇನ್ನು ಬೆಂಗಳೂರಿಗೆ ಹೋಗುವುದೇ ಬೇಡ, ಇಲ್ಲೇ ಎಲ್ಲಾದರೂ ಕುರಿ ಕಾಯುವ ಕೆಲಸ ಸಿಕ್ಕೀತೇ ಎಂದು ಯೋಚಿಸಿದೆ.

ಬಿಸಿಲು ಇಳಿಯುವ ಹೊತ್ತಾದರೂ ಅತ್ತೆ ರೂಮಿಗೆ ಬರಲಿಲ್ಲ. ಹುಡುಕುತ್ತಾ ಕೆರೆಯ ಕಡೆ ಹೋದೆ. ಜನ ಚದುರಿದ್ದರು. ಖಾಲಿ ಐಸ್ ಮೇಲೆ ಎರಡೇ ಆಕೃತಿಗಳು. ಅತ್ತೆ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಕಾಲಿಗೆ ಸ್ಕೇಟ್ಸ್ ಕಟ್ಟಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದು ಅದನ್ನು ತಳ್ಳುತ್ತಾ ಇಂಚಿಂಚಾಗಿ ಮುಂದೆ ಹೋಗುತ್ತಿದ್ದರು. ಅಲ್ಲಿ ಪುಟ್ಟ ಮಕ್ಕಳು ಕಲಿಯುವುದು ಹಾಗೆಯೇ. ಎದುರಾಳಿ ನಾಯಕಿ ಅವರ ಸೊಂಟಕ್ಕೆ ಕೈಯಾಸರೆ ಕೊಟ್ಟಿದ್ದಳು.

ಒಂದು ವರ್ಷ ನಮಗೆಲ್ಲ ಕಲಿಸಿದ ಅತ್ತೆ ತಾವು ಒಮ್ಮೆಯೂ ಸ್ಕೇಟ್ಸ್ ಕಟ್ಟಿರಲಿಲ್ಲ. ನಾವ್ಯಾರೂ, ನೀವೂ ಬನ್ನಿ ಎಂದಿರಲಿಲ್ಲ.

ನಾನು ಶೂನಲ್ಲೇ ಜಾರುತ್ತಾ ಅವರ ಬಳಿ ಹೋದೆ. ನಾಯಕಿ ನಗುತ್ತಾ ಅತ್ತೆಯ ಕೈಯನ್ನು ನನಗೆ ಕೊಟ್ಟು ಹಿಂದೆ ಸರಿದಳು. ಎರಡು ಗಜ ಹೋಗಿದ್ದೆವೋ ಇಲ್ಲವೋ, ಕುರ್ಚಿ ಒಂದು ಕಡೆ, ನಾವಿಬ್ಬರೂ ಇನ್ನೊಂದು ಕಡೆ ಉರುಳಿದೆವು. ಏಳಲು ಹೊರಟವಳ ತೋಳನ್ನು ಅತ್ತೆ ಹಿಡಿದು ನಿಲ್ಲಿಸಿದರು.

"ಕಾಲೇಜಲ್ಲಿ ನಾನು ಹಾಕಿ ಟೀಮಿಗೆ ಸೇರಿದ್ದೆ ಗೊತ್ತಾ?" ಎಂದರು, ಆ ಕಟ್ಟಿದ ಗಂಟಲಿನಲ್ಲೇ ಪಿಸುಗುಡುತ್ತಾ. "ನಮ್ಮೂರಲ್ಲಿ ಜೋಗಿಮಟ್ಟಿ ಗುಡ್ಡದ ಕಡೆ ಬಯಲಲ್ಲಿ ಆಡ್ತಿದ್ವಿ. ಕೋಲು ಹಿಡ್ಕೊಂಡು ಹಾಗೆ ಓಡೋದು ನಾಚಿಕೆ ಅಂತ ಮನೇಲಿ ಎಲ್ರೂ ಅಂದ್ರು. ನಂಗೂ ನಾಚಿಕೆ ಅನ್ನಿಸ್ತು. ಬಿಟ್ಟೆ. ಒಂದು ವಾರಾನೂ ಆಡ್ಲಿಲ್ಲ ಕಣೇ."

ನಾನು ಅವರ ಸೀರೆಗೆ ಅಂಟಿದ್ದ ಐಸ್ ಕೊಡವಿದೆ.

"ಇವತ್ತು ನಿಂಗೆ ತುಂಬಾ ನಾಚಿಕೆ ಆಯ್ತಾ?"

ಇಲ್ಲ ಎನ್ನಬೇಕೆಂದುಕೊಂಡೆ. 

"ಆಯ್ತು ಅತ್ತೆ. ತುಂಬಾ ಆಯ್ತು."

ಅವರು ಕೈಗವಸು ತೆಗೆದು, ನನ್ನ ಕೆನ್ನೆಗೆ ಮೆತ್ತಿದ್ದ ಐಸ್ ಪುಡಿಯನ್ನು ಬರಿಗೈಯಲ್ಲಿ ಒರೆಸಿದರು.

"ಆದ್ರೂ ನೀನು ಗೋಲ್ ಬಿಟ್ಟು ಓಡಿಹೋಗ್ಲಿಲ್ಲ" ಎಂದರು.

 ನಾನು ಎದ್ದು ಕುರ್ಚಿ ನೆಟ್ಟಗೆ ಮಾಡಿದೆ. "ಏಳಿ ಅತ್ತೆ, ಕತ್ತಲಾಗೋ ಒಳಗೆ ಆ ದಡ ಮುಟ್ಟೋಣ" ಎಂದು ಕೈ ಚಾಚಿದೆ.